ಅಮೆರಿಕದಲ್ಲಿ ಕೃಷಿ ಸಂಶೋಧನೆಗೆ ದುಡ್ಡು: ಯಾರು ಕೊಡುತ್ತಾರೆ, ಯಾರ ಕೈಗೆ ಬರುತ್ತದೆ

ಬೆಂಗಳೂರಿನ ಜಿಕೆವಿಕೆ, ಧಾರವಾಡ, ರಾಯಚೂರಿನಲ್ಲಿ ಕೃಷಿ ಓದಿ ಅಮೆರಿಕಕ್ಕೆ ಪಿಎಚ್‌ಡಿಗೋ ಪೋಸ್ಟ್‌ಡಾಕ್‌ಗೋ ಬಂದವರು ಬೇಗನೆ ಕೇಳುವ ಪ್ರಶ್ನೆ ಒಂದಿದೆ. ವೀಸಾದಲ್ಲಿ ಇರುವವರು ಸರ್ಕಾರಿ ಗ್ರ್ಯಾಂಟ್‌ಗೆ, ಅಂದರೆ ಸಂಶೋಧನೆಯ ಅನುದಾನಕ್ಕೆ, ಅರ್ಜಿ ಹಾಕಬಹುದಾ? ಇಲ್ಲಿ ಅರ್ಜಿದಾರ ಅಂದರೆ ನಿಮ್ಮ ಯೂನಿವರ್ಸಿಟಿ. ದುಡ್ಡು ಬರುವುದೂ ಅದರ ಖಾತೆಗೆ. ನೀವು ಪ್ರಾಜೆಕ್ಟಿನ ಮುಖ್ಯಸ್ಥರಾಗಬಹುದೋ ಇಲ್ಲವೋ ಅನ್ನುವುದು ಬಹುಮಟ್ಟಿಗೆ ನಿಮ್ಮ ಹುದ್ದೆ ಮತ್ತು ಯೂನಿವರ್ಸಿಟಿಯ ನಿಯಮಕ್ಕೆ ಬಿಟ್ಟದ್ದು. ಫೆಲೋಶಿಪ್ ಮಾತ್ರ ಬೇರೆ. ಅಮೆರಿಕದ ಕೃಷಿ ಇಲಾಖೆ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಕೊಡುವ ಪ್ರಿಡಾಕ್ಟೋರಲ್ ಫೆಲೋಶಿಪ್‌ಗೆ ಇಲ್ಲಿನ ನಾಗರಿಕರಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಇರಬೇಕು. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಅದರ ಹಿಂದೆ ಓಡಿ ಸುಮ್ನೆ ಸಮಯ ಕಳೆಯುವುದು ಬೇಡ.

ಈ ಇಲಾಖೆ ಅಂದರೆ ಯುಎಸ್‌ಡಿಎ. ಅದರಲ್ಲಿ ಹೊರಗಿನ ಸಂಶೋಧಕರಿಗೆ ದುಡ್ಡು ಹಂಚುವ ಸಂಸ್ಥೆ ನೀಫಾ (NIFA). 2019ರಲ್ಲಿ ಇದು ವಾಷಿಂಗ್ಟನ್‌ನಿಂದ ಕಾನ್ಸಾಸ್ ಸಿಟಿಗೆ ಹೋಯಿತು. ಇದು ಎರಡು ದಾರಿಯಲ್ಲಿ ದುಡ್ಡು ಕೊಡುತ್ತದೆ. ಮೊದಲನೆಯದು 1887ರ ಹ್ಯಾಚ್ ಕಾಯ್ದೆಯ ದುಡ್ಡು. ಅದು ಒಂದು ನಿಗದಿತ ಸೂತ್ರದ ಲೆಕ್ಕದ ಪ್ರಕಾರ ರಾಜ್ಯಗಳ ಪ್ರಯೋಗ ಕೇಂದ್ರಗಳಿಗೆ ಹೋಗುತ್ತದೆ, ಅಷ್ಟೇ ಪಾಲನ್ನು ರಾಜ್ಯವೂ ಹಾಕಬೇಕು. ಎರಡನೆಯದು ಸ್ಪರ್ಧೆಯ ದುಡ್ಡು. ಅದರಲ್ಲಿ ದೊಡ್ಡದು ಆಫ್ರಿ (AFRI) ಅನ್ನುವ ಕಾರ್ಯಕ್ರಮ.

ಹವಾಮಾನಕ್ಕೆ ಹೊಂದುವ ಬೇಸಾಯವನ್ನು ಪ್ರಯೋಗದ ಪ್ಲಾಟಿನಿಂದ ರೈತರ ಹೊಲಕ್ಕೆ ಹಬ್ಬಿಸಬೇಕು ಅನ್ನುವವರು ಆಫ್ರಿಯಲ್ಲಿ 'ಇಂಟಿಗ್ರೇಟೆಡ್' ಪ್ರಾಜೆಕ್ಟ್ ಅನ್ನುವ ಬಗೆಯನ್ನು ನೋಡಬೇಕು. ಸಂಶೋಧನೆ, ಬೋಧನೆ, ವಿಸ್ತರಣೆ (ಕಲಿತದ್ದನ್ನು ರೈತರ ಬಳಿ ಒಯ್ಯುವ ಕೆಲಸ), ಈ ಮೂರರಲ್ಲಿ ಎರಡಾದರೂ ಇರಬೇಕು. ಯಾವ ಒಂದಕ್ಕೂ ಬಜೆಟ್ಟಿನ ಮೂರನೇ ಎರಡು ಪಾಲಿಗಿಂತ ಜಾಸ್ತಿ ಹೋಗುವಂತಿಲ್ಲ. 6 ಲಕ್ಷ ಡಾಲರ್ ಪ್ರಾಜೆಕ್ಟಲ್ಲಿ ಸಂಶೋಧನೆಗೆ ಹೆಚ್ಚೆಂದರೆ 4 ಲಕ್ಷ ಅಂತ ಆಯಿತು. ನಮ್ಮವರು ಎಡವುವುದು ಇಲ್ಲೇ. ಹದಿನೈದು ಪುಟ ಜೀನು, ಮಣ್ಣು, ಮಾಡೆಲ್ ಬರೆದು, ಕೊನೆಗೆ ಒಂದು ಪ್ಯಾರಾದಲ್ಲಿ 'ವರ್ಕ್‌ಶಾಪ್ ಮಾಡುತ್ತೇವೆ' ಅಂದರೆ ಅರ್ಜಿ ತೂಗುವ ಪ್ಯಾನೆಲ್ ನಂಬುವುದಿಲ್ಲ.

ಹಾಗೆ ನೋಡಿದರೆ ಸಂಶೋಧನೆ, ಬೋಧನೆ, ವಿಸ್ತರಣೆ ಒಟ್ಟಿಗೆ ಸಾಗುವುದು ನಮಗೆ ಹೊಸದೇನಲ್ಲ. 1862ರ ಕಾಯ್ದೆಯಿಂದ ಸರ್ಕಾರಿ ಜಮೀನು ಮಾರಿದ ದುಡ್ಡಲ್ಲಿ ಹುಟ್ಟಿದ ಲ್ಯಾಂಡ್-ಗ್ರ್ಯಾಂಟ್ ಯೂನಿವರ್ಸಿಟಿಗಳ ಅಚ್ಚಿನಲ್ಲೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಶುರುವಾಯಿತು. ಟೆನೆಸಿ ಯೂನಿವರ್ಸಿಟಿಯ ನೆರವೂ ಇತ್ತು. ವ್ಯತ್ಯಾಸ ಎಲ್ಲಿ ಅಂದರೆ, ನಮ್ಮಲ್ಲಿ ರೈತರ ಬಳಿ ಹೋಗುವ ಕೆಲಸದ ದೊಡ್ಡ ಪಾಲು ರಾಜ್ಯದ ಕೃಷಿ ಇಲಾಖೆಯದು. ಇಲ್ಲಿ 1914ರ ಕಾಯ್ದೆಯ ನಂತರ ಅದು ಯೂನಿವರ್ಸಿಟಿಯದೇ ಕೆಲಸ. ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಎಕ್ಸ್‌ಟೆನ್ಷನ್ ಏಜೆಂಟ್, ಅಂದರೆ ವಿಸ್ತರಣಾ ಅಧಿಕಾರಿಗೆ, ಆ ಊರಿನ ರೈತರ ಪರಿಚಯ ಚೆನ್ನಾಗಿರುತ್ತದೆ. ಪ್ರಸ್ತಾವ ಬರೆಯುವ ಮೊದಲೇ ಅವರನ್ನು ಕಾಣಿ. ಬಜೆಟ್ಟಿನಲ್ಲಿ ಅವರಿಗೂ ಪಾಲು ಇಡಿ.

ಅರ್ಕಾನ್ಸಾಸ್‌ನ ಭತ್ತ ನೋಡಿ. ಗದ್ದೆಯನ್ನು ನಡುನಡುವೆ ಆರಲು ಬಿಟ್ಟು ಮತ್ತೆ ನೀರು ಕಟ್ಟಿದರೆ, ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಕಡಿಮೆಯಾಗುತ್ತದೆ. ಅಲ್ಲಿನ ರೈತನಿಗೆ ಮೀಥೇನ್ ಕಟ್ಟಿಕೊಂಡು ಏನಾಗಬೇಕು? ಅಂತರ್ಜಲ ಇಳಿಯುತ್ತಿದೆ, ಪಂಪಿನ ಖರ್ಚು ಏರುತ್ತಿದೆ, ಅವನ ಚಿಂತೆ ಅದು. ಇಳುವರಿ ಬೀಳದೆ ಎಷ್ಟು ನೀರು ಉಳಿಯುತ್ತದೆ ಅನ್ನುವುದನ್ನು ಅವನ ಹೊಲದಲ್ಲೇ ತೋರಿಸುವ ಪ್ರಸ್ತಾವಕ್ಕೆ ಬೆಲೆ ಜಾಸ್ತಿ.

ಹವಾಮಾನದ ಮಾತಿಗಿಂತ ರೈತನ ಲಾಭವನ್ನು ಮುಂದಿಟ್ಟು ಬರೆಯುವುದಕ್ಕೆ ಈಗ ಇನ್ನೊಂದು ಕಾರಣವೂ ಇದೆ. 2022ರಲ್ಲಿ 'ಕ್ಲೈಮೇಟ್-ಸ್ಮಾರ್ಟ್' ಹೆಸರಿನಲ್ಲೇ 300 ಕೋಟಿ ಡಾಲರ್‌ಗೂ ಜಾಸ್ತಿ ದುಡ್ಡು ಘೋಷಿಸಿದ್ದ ಇಲಾಖೆ, ಸರ್ಕಾರ ಬದಲಾದ ಮೇಲೆ 2025ರ ಏಪ್ರಿಲ್‌ನಲ್ಲಿ ಆ ಕಾರ್ಯಕ್ರಮವನ್ನೇ ರದ್ದು ಮಾಡಿತು. ಬಡ ದೇಶಗಳ ಆಹಾರ ಭದ್ರತೆಗೆ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್‌ನ ದುಡ್ಡಲ್ಲಿ ಯೂನಿವರ್ಸಿಟಿಗಳು ನಡೆಸುತ್ತಿದ್ದ ಇನ್ನೊವೇಶನ್ ಲ್ಯಾಬ್‌ಗಳೂ ಅದೇ ವರ್ಷ ಹೆಚ್ಚುಕಡಿಮೆ ಮುಚ್ಚಿದವು. ನಿಮ್ಮ ಸಂಬಳ ಒಂದೇ ಗ್ರ್ಯಾಂಟಿನ ಮೇಲೆ ನಿಂತಿದ್ದರೆ, ಅದು ನಿಂತರೆ ಮುಂದೇನು ಅಂತ ಪ್ರೊಫೆಸರ್‌ರನ್ನು ಈಗಲೇ ಕೇಳಿ. ಮುಜುಗರ ಬೇಡ. ಎಚ್-1ಬಿ ಕೆಲಸದ ವೀಸಾದಲ್ಲಿ ಕೆಲಸ ಹೋದರೆ ಇಲ್ಲಿ ಉಳಿಯಲು ಸಿಗುವುದು ಹೆಚ್ಚೆಂದರೆ 60 ದಿನ, ಅಲ್ವಾ?

ವಿದ್ಯಾರ್ಥಿಗಳು ಚಿಕ್ಕದರಿಂದ ಶುರು ಮಾಡುವುದು ಒಳ್ಳೆಯದು. ಸುಸ್ಥಿರ ಬೇಸಾಯಕ್ಕೆ ದುಡ್ಡು ಕೊಡುವ ಸೇರ್ (SARE) ಅನ್ನುವ ಕಾರ್ಯಕ್ರಮ ದೇಶದ ನಾಲ್ಕು ವಲಯಗಳಲ್ಲಿ ನಡೆಯುತ್ತದೆ. ಅದರಲ್ಲಿ ಪಿಜಿ, ಪಿಎಚ್‌ಡಿ ವಿದ್ಯಾರ್ಥಿಗಳಿಗೇ ಬೇರೆ ಗ್ರ್ಯಾಂಟ್ ಇದೆ, ನಿಯಮ ಮಾತ್ರ ವಲಯದಿಂದ ವಲಯಕ್ಕೆ ಬೇರೆ. ಕೆಲಸಕ್ಕೆ ಸೇರಿ ಐದು ವರ್ಷ ತುಂಬದ ಅಧ್ಯಾಪಕರಿಗೆ ಆಫ್ರಿಯಲ್ಲಿ ಹೊಸಬರ ವಿಭಾಗ ಇದೆ.

ಬಜೆಟ್ ಹಾಕುವಾಗ ಯೂನಿವರ್ಸಿಟಿಯ ಓವರ್‌ಹೆಡ್, ಅಂದರೆ ಕಟ್ಟಡ, ಆಡಳಿತದ ಖರ್ಚಿಗೆ ಅದು ಹಿಡಿದುಕೊಳ್ಳುವ ಪಾಲು, ಮರೆಯಬೇಡಿ. ಆಫ್ರಿಯಲ್ಲಿ ಅದು ಒಟ್ಟು ದುಡ್ಡಿನ ಶೇ. 30ರವರೆಗೆ ಹೋಗಬಹುದು. 3 ಲಕ್ಷ ಡಾಲರ್ ಬಂದರೆ 90 ಸಾವಿರ ಅಲ್ಲೇ ಕಳೆದಂತೆ. ಅರ್ಜಿಯ ಸಬ್‌ಮಿಟ್ ಬಟನ್ ಒತ್ತುವುದು ಯೂನಿವರ್ಸಿಟಿಯ ಗ್ರ್ಯಾಂಟ್ ಆಫೀಸು, ಅವರು ಕೆಲವು ದಿನ ಮೊದಲೇ ಎಲ್ಲ ಕಾಗದ ಕೇಳುತ್ತಾರೆ. ನೀಫಾದ ಗಡುವು ಸಾಮಾನ್ಯವಾಗಿ ಈಸ್ಟರ್ನ್ ಸಮಯದ ಸಂಜೆ 5 ಗಂಟೆ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಇರುವವರಿಗೆ ಅದು ಮಧ್ಯಾಹ್ನ 2 ಗಂಟೆ.