ಗೋಡೆಯ ಕೆಸರಿನ ಗೆರೆ ತೊಳೆಯುವ ಮೊದಲು

2021ರ ಜುಲೈಯಲ್ಲಿ ಗಂಗಾವಳಿ ಉಕ್ಕಿದಾಗ ಅಂಕೋಲಾ ತಾಲೂಕಿನ ಹೊಳೆದಂಡೆಯ ಎಷ್ಟೋ ಮನೆಗಳಿಗೆ ನೀರು ನುಗ್ಗಿತು. ಗುಳ್ಳಾಪುರದ ಸೇತುವೆಯೇ ಕೊಚ್ಚಿಹೋದ ನೆರೆ ಅದು. ನಮ್ಮ ಜಗಲಿ, ಅಡಿಗೆಮನೆ ಎಲ್ಲ ಕಡೆ ಸೊಂಟದವರೆಗೆ ನೀರು. ಮನೆಗೆ ವಿಮೆ ಇತ್ತು. ಬ್ಯಾಂಕ್ ಸಾಲ ಮಾಡಿ ಮನೆ ಕಟ್ಟಿದವರಲ್ಲಿ ಸುಮಾರು ಜನರಿಗೆ ಸಾಲದ ಜೊತೆಗೇ ವಿಮೆಯೂ ಆಗಿರುತ್ತದೆ, ಆದರೆ ಅದು ಗೊತ್ತೇ ಇರುವುದಿಲ್ಲ. ಸಾಲದ ಕಾಗದಗಳನ್ನು ಒಮ್ಮೆ ತೆಗೆದು ನೋಡಿ.

ನೀರು ಇಳಿದ ಕೂಡಲೇ ಕೆಸರು ಬಾಚಿ ತೊಳೆಯೋಣ ಅನಿಸುತ್ತದೆ. ಮನೆಯಲ್ಲಿ ಎಲ್ಲರೂ ಅದಕ್ಕೇ ಹೊರಟಿದ್ದರು. ನಾನು ತಡೆದೆ. ಮೊದಲು ಗೋಡೆ, ಬಾಗಿಲು, ಫ್ರಿಜ್, ಕಪಾಟಿನ ಮೇಲೆ ನಿಂತಿದ್ದ ಕೆಸರಿನ ಗೆರೆಯ ಫೋಟೊ ತೆಗೆದೆವು. ಗೆರೆಗೆ ಅಳತೆ ಟೇಪು ಹಿಡಿದು ತೆಗೆದ ಫೋಟೊಗಳೇ ಆಮೇಲೆ ಹೆಚ್ಚು ಉಪಯೋಗಕ್ಕೆ ಬಂದವು. ಪಕ್ಕದ ಮನೆಯ ಅಕ್ಕನ ಗೋಡೆಯಲ್ಲೂ ಅದೇ ಎತ್ತರಕ್ಕೆ ಗೆರೆ ಇತ್ತು, ಅದನ್ನೂ ತೆಗೆದಿಟ್ಟೆ. ಅದೇ ದಿನ ವಿಮೆ ಕಂಪನಿಗೆ ಫೋನ್ ಮಾಡಿ ಹಾನಿ ತಿಳಿಸಿ ಕ್ಲೇಮ್ ನಂಬರ್ ಬರೆದುಕೊಂಡೆ, ಇಮೇಲನ್ನೂ ಕಳಿಸಿದೆ. ಗ್ರಾಮ ಲೆಕ್ಕಿಗರು ಪಂಚನಾಮೆಗೆ ಬಂದಾಗ ನೀರು ಎಷ್ಟು ಎತ್ತರ ಬಂದಿತ್ತು ಅನ್ನುವುದನ್ನು ಬರೆಸಿ, ಒಂದು ಪ್ರತಿ ಕೇಳಿ ಪಡೆದೆ. ಸರ್ಕಾರದ ಪರಿಹಾರ ಬೇರೆ, ವಿಮೆ ಬೇರೆ. ಆದರೆ ಈ ಕಾಗದ ಎರಡಕ್ಕೂ ಉಪಯೋಗಕ್ಕೆ ಬರುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ನಮ್ಮ ಕರಾವಳಿಯ ಚಿರೆಕಲ್ಲಿನ ಗೋಡೆ ಮಳೆಗಾಲವಿಡೀ ಹಸಿಯಾಗಿಯೇ ಇರುತ್ತದೆ. ನಿಧಾನವಾಗಿ ಇಳಿಯುವ ತೇವಕ್ಕೆ, ಹಳತಾಗಿ ಸೋರುವ ಮಾಡಿಗೆ ವಿಮೆ ಹಣ ಕೊಡುವುದಿಲ್ಲ. ನೆರೆ, ಬಿರುಗಾಳಿ, ಗುಡ್ಡ ಕುಸಿತ, ಟ್ಯಾಂಕ್ ಅಥವಾ ಪೈಪ್ ಒಡೆದು ಆದ ಹಾನಿಗೆ ಕೊಡುತ್ತದೆ. ಹಾನಿಯ ಅಂದಾಜು ಮಾಡಲು ವಿಮೆ ಕಂಪನಿ ಕಳಿಸಿದ ಸರ್ವೇಯರ್ ಪ್ಲಾಸ್ಟರ್ ಉದುರಿದ್ದನ್ನು ನೋಡಿ, "ಇದು ಹಳೇ ತೇವ ಅಲ್ವಾ?" ಎಂದರು. ನಾನು ವಾದಕ್ಕೆ ಇಳಿಯಲಿಲ್ಲ. ಫೋಟೊ, ಪಂಚನಾಮೆ ಮುಂದಿಟ್ಟೆ. ಗೆರೆಯ ಕೆಳಗೆ ಮಾತ್ರ ಪ್ಲಾಸ್ಟರ್ ಉಬ್ಬಿತ್ತು, ಮೇಲೆ ಗಟ್ಟಿ ಇತ್ತು. ಬಡಿದು ತೋರಿಸಿದೆ. ಅವರು ಬರೆದುಕೊಂಡರು. ಸರ್ವೇಯರ್ ಫೀಸು ಕಂಪನಿಯೇ ಕೊಡುತ್ತದೆ, ನಾವು ಏನೂ ಕೊಡಬೇಕಿಲ್ಲ.

ಹಾಳಾದ ಸಾಮಾನನ್ನು ಸರ್ವೇಯರ್ ನೋಡುವ ತನಕ ಎಸೆಯಬೇಡಿ. ನೆನೆದ ಅಕ್ಕಿ, ಹಾಸಿಗೆ ನಾರುತ್ತದೆ, ಇಟ್ಟುಕೊಳ್ಳಲು ಆಗುವುದಿಲ್ಲ. ಅಂಥದ್ದಕ್ಕೆ ಫೋಟೊ ಸಾಕು. ಫ್ರಿಜ್, ಮಿಕ್ಸಿ, ಪಂಪಿನ ಮೋಟರನ್ನು ಆನ್ ಮಾಡಿ ನೋಡುವುದು ಅಪಾಯ. ನಾವು ಮೆಕ್ಯಾನಿಕ್‌ನಿಂದ ನೋಡಿಸಿ ಚೀಟಿ ಬರೆಸಿಕೊಂಡೆವು. ಬಿಲ್ಲುಗಳು ನೀರಲ್ಲಿ ಹೋಗಿದ್ದವು. ಅಂಗಡಿಯವರು ಹಳೇ ಪ್ರತಿ ಕೊಟ್ಟರು, ಉಳಿದದ್ದಕ್ಕೆ ಬ್ಯಾಂಕ್ ಪಾಸ್‌ಬುಕ್ ತೋರಿಸಿದೆ. ಬಡಗಿಯ ಹತ್ತಿರ ಪ್ರತಿ ಬಾಗಿಲಿನ ಅಳತೆ, ಮರ, ಕೂಲಿ ಬೇರೆ ಬೇರೆ ಹಾಕಿಸಿ ಅಂದಾಜು ಪಟ್ಟಿ ಮಾಡಿಸಿದೆ. ಒಟ್ಟು ಮೊತ್ತ ಮಾತ್ರ ಬರೆದರೆ ಕತ್ತರಿ ಬೀಳುವುದು ಅಲ್ಲೇ.

2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮೆ ಕಂಪನಿಗಳೂ ಕೊಡಬೇಕಾದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಕಟ್ಟಡಕ್ಕೆ ವಿಮೆ ಮಾಡಿದರೆ ಅದರ ಶೇ. 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿ, ಮನೆಸಾಮಾನಿಗೂ ತಾನಾಗಿಯೇ ಸಿಗುತ್ತದೆ. ಕಟ್ಟಡ ಮಾತ್ರ ಎಂದುಕೊಂಡು ಸಾಮಾನಿನ ಪಟ್ಟಿಯನ್ನೇ ಕೊಡದವರು ನಮ್ಮ ಊರಲ್ಲೇ ಇದ್ದಾರೆ. ನೋಡಿದರೆ ಬೇಸರವಾಗುತ್ತದೆ.

ನಮಗೆ ಮೊದಲು ಬಂದ ಲೆಕ್ಕದಲ್ಲಿ ಗೋಡೆಯ ಹಣ ಇರಲಿಲ್ಲ. ಕಂಪನಿಯ ದೂರು ವಿಭಾಗಕ್ಕೆ ಅದೇ ದಾಖಲೆ ಸೇರಿಸಿ ಪತ್ರ ಬರೆದೆ, ಯಾವ ಷರತ್ತಿನ ಮೇಲೆ ಬಿಟ್ಟಿರಿ ಎಂದು ಬರಹದಲ್ಲೇ ಉತ್ತರ ಕೇಳಿದೆ. ಗೋಡೆಯನ್ನೂ ಸೇರಿಸಿದರು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ವಿಮೆ ಕಂಪನಿಗಳ ಮೇಲಿನ ದೂರು ಕೇಳಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಡ.

ಸಾಲ ಇನ್ನೂ ಬಾಕಿ ಇದ್ದರೆ ಬ್ಯಾಂಕಿಗೆ ಮೊದಲೇ ಹೇಳಿಡಿ. ಕಟ್ಟಡದ ಹಣ ನೇರ ಸಾಲದ ಖಾತೆಗೆ ಹೋಗಬಹುದು. ರಿಪೇರಿಗೆ ಬೇಕು ಎಂದು ಮ್ಯಾನೇಜರರಿಗೆ ಅರ್ಜಿ ಕೊಟ್ಟು ಒಪ್ಪಿಗೆ ಪತ್ರ ಪಡೆದ ಮೇಲೇ ನಮ್ಮ ಖಾತೆಗೆ ಬಂತು.