ಮಾವನವರ ಜೊತೆ ಬೊರಿವಲಿಯ ಕಾಡಿನಲ್ಲಿ

ಅತ್ತೆ ತೀರಿಕೊಂಡ ಮೇಲೆ, 2023ರ ಜನವರಿಯಲ್ಲಿ ಮಾವನವರನ್ನು ಕುಂದಾಪುರದ ಕಡೆಯ ಹಳ್ಳಿಯಿಂದ ಮುಂಬಯಿಗೆ, ಕಾಂದಿವಲಿಯ ನಮ್ಮ ಮನೆಗೆ ಕರೆತಂದೆವು. ಏಳನೇ ಮಹಡಿ. ಎಪ್ಪತ್ತಾರು ವರ್ಷ ಅಂಗಳದಲ್ಲೇ ಬೆಳಗು ಕಂಡವರು ಇಲ್ಲಿ ಕಿಟಕಿಯ ಸರಳು ಹಿಡಿದು ನಿಂತುಬಿಡುತ್ತಿದ್ದರು. ಕೆಳಗೆ ಬೆಂಚಿನ ಮೇಲೆ ಕೂರೋಣ ಬನ್ನಿ ಎಂದರೆ, "ಅಲ್ಲ್ ಕೂತ್ಕಂಡ್ ಎಂತ ಮಾಡೂದ್ ಮಗಾ?" ಎನ್ನುವರು. ಅವರಿಗೆ ಬೇಕಾಗಿರುವುದು ಮರ ಎಂದು ನನಗೆ ಹೊಳೆಯಲು ನಾಲ್ಕು ತಿಂಗಳು ಹಿಡಿಯಿತು. ಆಟೋದಲ್ಲಿ ಕಾಲು ಗಂಟೆ ಹೋದರೆ ನೂರು ಚದರ ಕಿಲೋಮೀಟರಿಗೂ ಮಿಕ್ಕಿದ ಕಾಡಿದೆ, ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಇಷ್ಟು ವರ್ಷ ಇಲ್ಲಿದ್ದೂ ಮಕ್ಕಳ ಶಾಲೆಯ ಪಿಕ್ನಿಕ್ಕಿಗೆ ಒಮ್ಮೆ ಹೋದದ್ದು ಬಿಟ್ಟರೆ ನಾನು ಆ ಕಡೆ ತಲೆ ಹಾಕಿರಲಿಲ್ಲ.

ಮೊದಲ ಸಲ ಹೋದದ್ದೇ ತಪ್ಪು ಹೊತ್ತಿನಲ್ಲಿ. ಮೇ ತಿಂಗಳ ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಗೇಟಿನಲ್ಲೇ ಉದ್ದದ ಸಾಲು, ಒಳಗೆ ದೋಣಿ ವಿಹಾರಕ್ಕೆ ಇನ್ನೊಂದು ಸಾಲು. ತೇಗದ ಮರಗಳೆಲ್ಲ ಎಲೆ ಉದುರಿಸಿ ಬೋಳಾಗಿದ್ದವು. ಮಾವ ಒಂದು ಮಾತೂ ಆಡದೆ ಮನೆಗೆ ಬಂದು ಮಲಗಿದರು.

ಮಳೆ ಹಿಡಿದ ಮೇಲೆ, ವಾರದ ದಿನ, ಮುಂಜಾನೆಯೇ ಮತ್ತೆ ಕರೆದುಕೊಂಡು ಹೋದೆ. ಮುಖ್ಯ ರಸ್ತೆಯಲ್ಲಿ ನಡೆಯುತ್ತಿದ್ದವರು ಥಟ್ಟನೆ ನಿಂತರು. ಕೊಡೆಯ ತುದಿಯಿಂದ ಒಂದು ಮರ ತೋರಿಸಿ, "ಇದ್ ಹಾಳಿ ಮರ ಅಲ್ದಾ?" ಎಂದರು. ಬಾಗಿದ್ದ ಒಂದು ಕೊಂಬೆಯ ಕೆಳಗೆ ನಿಂತು ಎಲೆ ಎಣಿಸತೊಡಗಿದರು. ಒಂದೇ ಗಂಟಿನ ಸುತ್ತ, ಕೊಡೆಯ ಕಡ್ಡಿಗಳ ಹಾಗೆ ಏಳು ಎಲೆ. ಸಪ್ತಪರ್ಣಿ ಅನ್ನುವ ಹೆಸರು ನಾನು ಓದಿದ್ದೆ; ನಮ್ಮೂರ ಹಾಳೆ ಮರವೇ ಅದು ಅಂತ ಗೊತ್ತಿರಲಿಲ್ಲ. ಆಷಾಢದ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ, ಕತ್ತಿ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತಂದು ಕಷಾಯ ಮಾಡುವುದು ನಮ್ಮ ಕಡೆಯ ಪದ್ಧತಿ. ಕತ್ತಲಲ್ಲಿ ಕಾಸರಕವೆಂಬ ವಿಷಮರದ ತೊಗಟೆ ಕೈಗೆ ಬಂದರೆ ಜೀವಕ್ಕೇ ಸಂಚಕಾರ, ಅದಕ್ಕೇ ಹಿಂದಿನ ದಿನ ಹಗಲಲ್ಲೇ ಮರ ಗುರುತು ಮಾಡಿ ಬರುತ್ತಿದ್ದೆವು ಎಂದು ಅಲ್ಲೇ ನಿಂತು ಹೇಳಿದರು. ಆರು ತಿಂಗಳಲ್ಲಿ ಅವರು ಅಷ್ಟು ಮಾತಾಡಿದ್ದು ಅದೇ ಮೊದಲು. ಮರವನ್ನು ಅಂಗೈಯಿಂದ ಒಮ್ಮೆ ಸವರಿದರು, ಅಷ್ಟೇ. ಇಲ್ಲಿಂದ ಎಲೆಯನ್ನೂ ಕೀಳುವಂತಿಲ್ಲ ಎಂದು ನಾನು ಹೇಳಬೇಕಾಗಲಿಲ್ಲ.

ಆಮೇಲೆ ವಾರಕ್ಕೆ ಎರಡು ದಿನ ಹೋಗುವುದು ರೂಢಿಯಾಯಿತು. ಹೊಸ ಜಾಗ ಹುಡುಕದೆ ಅದೇ ಒಂದೂವರೆ ಕಿಲೋಮೀಟರು ಹೋಗಿ ಬರುತ್ತೇವೆ. ವಯಸ್ಸಾದವರನ್ನು ಕರೆದೊಯ್ಯುವವರಿಗೆ ನಾನು ಹೇಳುವುದೂ ಇದನ್ನೇ. ದಾರಿ ಗುರುತಾದರೆ ಕಾಲಿಗೆ ಹೆದರಿಕೆ ಇರುವುದಿಲ್ಲ, ಕಣ್ಣು ಮರದ ಕಡೆ ಹೋಗುತ್ತದೆ. ತಿಂಡಿಯನ್ನು ಕೈಚೀಲದಲ್ಲಿ ಕಾಣುವಂತೆ ಹಿಡಿಯಬೇಡಿ, ಮಂಗಗಳು ಬಿಡುವುದಿಲ್ಲ. ಚಿರತೆಗಳು ಇರುವ ಕಾಡು ಇದು. ಬೆಳಕು ಹರಿಯುವ ಮುಂಚೆ ಒಳದಾರಿಗಳಿಗೆ ಇಳಿಯಲೇಬಾರದು. ಮುಖ್ಯ ರಸ್ತೆಯಲ್ಲಿ, ನಾಲ್ಕು ಜನ ನಡೆಯುವ ಹೊತ್ತಿನಲ್ಲಿ ಹೋದರೆ ಸಾಕು.

ಡಿಸೆಂಬರಿನಲ್ಲಿ ಕಾನ್ಹೇರಿ ಗುಹೆಗಳಿಗೆ ಹೋದೆವು. ಗೇಟಿನಿಂದ ಐದಾರು ಕಿಲೋಮೀಟರು ಒಳಗೆ, ವಾಹನದಲ್ಲೇ ಹೋಗಬೇಕು. ಒಂದೇ ಬೆಟ್ಟದಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು. ನಮ್ಮ ನೃಪತುಂಗ ಅಮೋಘವರ್ಷನ ಹೆಸರಿರುವ ಶಾಸನಗಳು ಇಲ್ಲಿವೆ. ಆಗ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ರಾಷ್ಟ್ರಕೂಟರ ಸಾಮಂತರು. ನಾನು ಅದನ್ನು ಹುರುಪಿನಿಂದ ವಿವರಿಸುತ್ತಿದ್ದರೆ ಮಾವನವರ ಕಣ್ಣೆಲ್ಲ ನೀರಿನ ತೊಟ್ಟಿಗಳ ಮೇಲೆ. ಬಂಡೆಯ ಮೇಲೆ ಬಿದ್ದ ಮಳೆನೀರು ಹರಿದುಬರಲು ಬೆರಳಗಲದ ಕಾಲುವೆ ಕೊರೆದು, ಗುಹೆಯ ಪಕ್ಕದ ತೊಟ್ಟಿಗೆ ಇಳಿಸಿದ್ದಾರೆ. ಅವರು ಮೆಟ್ಟಿಲ ಮೇಲೆ ಕೂತು ಆ ಕಾಲುವೆಯಲ್ಲಿ ಬೆರಳಾಡಿಸಿ ಇಳಿಜಾರು ನೋಡಿದರು. ಊರಲ್ಲಿ ಅಡಿಕೆ ಮರ ಸೀಳಿ ನೀರು ಹರಿಯುವ ದೋಣಿ ಮಾಡಿ, ಸೂರಿನ ನೀರನ್ನು ಹಂಡೆಗೆ ಬಿಡುತ್ತಿದ್ದ ಕೈ ಅದು. "ಕಲ್ಲ್ ಕೆತ್ತುಕ್ ಮೊದ್ಲ್ ನೀರ್ ಕಂಡಿರ್" ಎಂದರು. ಇದೇ ಬೆಟ್ಟಗಳ ನಡುವೆ 1860ರಲ್ಲಿ ವಿಹಾರ್, 1879ರಲ್ಲಿ ತುಳಸಿ ಕೆರೆ ಕಟ್ಟಿದ್ದು, ಮುಂಬಯಿಗೆ ಇಂದಿಗೂ ಅವುಗಳ ನೀರು ಹೋಗುವುದು ಎಲ್ಲ ಆಮೇಲೆ ಹೇಳಿದೆ. ಅಂದಿನಿಂದ ಮನೆಯಲ್ಲಿ ನಲ್ಲಿ ಸೋರಿದರೆ ಮೊದಲು ಏಳುವವರು ಅವರೇ.

2024ರ ಮಳೆಗಾಲದ ಕೊನೆಗೆ ಕಾರ್ವಿ ಅರಳಿತು. ಕುರಿಂಜಿಯ ಬಳಗದ ಗಿಡ. ಎಂಟು ವರ್ಷಕ್ಕೊಮ್ಮೆ ಇಡೀ ಇಳಿಜಾರು ಒಟ್ಟಿಗೇ ನೇರಳೆಯಾಗುತ್ತದೆ, ಬೀಜ ಕಟ್ಟಿದ ಮೇಲೆ ಗಿಡ ಒಣಗಿ ಸಾಯುತ್ತದೆ. ಇಲ್ಲಿನ ವಾರ್ಲಿ ಜನ ಇದರ ಕೋಲುಗಳನ್ನು ಹೆಣೆದು, ಮಣ್ಣು ಸಗಣಿ ಮೆತ್ತಿ ಗೋಡೆ ಮಾಡಿಕೊಳ್ಳುತ್ತಾರೆ. ಮಾವ ಹೂವಿಗೆ ಕಿವಿಗೊಟ್ಟು ನಿಂತರು. ತುಡುವೆ ಜೇನಿನ ಸದ್ದು. ಊರ ಮನೆಯ ಹಿಂದೆ ಅವರು ಸಾಕಿದ್ದ ಎರಡು ಪೆಟ್ಟಿಗೆ ಈಗ ಖಾಲಿ. ಮುಂದಿನ ಹೂವು 2032ಕ್ಕೆ ಎಂದೆ. ಬೆರಳು ಮಡಚಿ ಲೆಕ್ಕ ಹಾಕಿದರು. ಏನೂ ಹೇಳಲಿಲ್ಲ.

ಸೋಮವಾರ ಕಾಡಿಗೆ ರಜೆ. ಮಂಗಳವಾರ ಐದೂವರೆಗೆಲ್ಲ ಅವರ ಕೋಣೆಯ ಲೈಟು ಹತ್ತಿರುತ್ತದೆ, ಬಾಗಿಲ ಪಕ್ಕದಲ್ಲಿ ಕೊಡೆ ಒರಗಿಸಿಟ್ಟಿರುತ್ತಾರೆ.