ಕ್ಯಾಂಪಸ್ ನೆಟ್‌ಗೆ ಸೇರುವುದು ಹೇಗೆ?

ಬೆಳಗಾವಿಯ ಮಚ್ಛೆಯಲ್ಲಿರುವ ವಿಟಿಯು ಇರಲಿ, ರಾಣಿ ಚನ್ನಮ್ಮ ವಿವಿ ಇರಲಿ, ಹೊಸದಾಗಿ ಹಾಸ್ಟೆಲ್‌ಗೆ ಬಂದವರು ಹಾಸಿಗೆ ಬಿಚ್ಚುವ ಮೊದಲೇ ವೈಫೈ ಹುಡುಕುತ್ತಾರೆ. ಸಿಗ್ನಲ್ ಪೂರ್ತಿ ತೋರಿಸುತ್ತದೆ, ನೆಟ್ ಬರುವುದಿಲ್ಲ. ಆಗ ಯಾರೋ ಸೀನಿಯರ್ ಬಂದು ಐಪಿ ವಿಳಾಸವನ್ನು, ಅಂದರೆ ನೆಟ್‌ವರ್ಕ್‌ನಲ್ಲಿ ನಿಮ್ಮ ಫೋನ್ ಅಥವಾ ಲ್ಯಾಪ್‌ಟಾಪ್ ಗುರುತಿಸುವ ನಂಬರನ್ನು, ತಾನೇ ಟೈಪ್ ಮಾಡಿ ಹೋಗುತ್ತಾನೆ. ಆ ಸಹಾಯ ಬೇಡ ಅನ್ನಿ.

ಈ ವಿಳಾಸ ತಾನಾಗಿಯೇ ಹಂಚುವ ಕೆಲಸ ನೆಟ್‌ವರ್ಕ್‌ನ ಡಿಎಚ್‌ಸಿಪಿ ಎಂಬ ವ್ಯವಸ್ಥೆಯದು. ಖಾನಾವಳಿ ತಟ್ಟೆ ಇದ್ದ ಹಾಗೆ. ಕೂತಾಗ ಕೊಡುತ್ತಾರೆ, ಎದ್ದ ಮೇಲೆ ತೊಳೆದು ಇನ್ನೊಬ್ಬರಿಗೆ ಇಡುತ್ತಾರೆ. ಇನ್ನೊಬ್ಬರ ತಟ್ಟೆಗೆ ನೀವು ಕೈ ಹಾಕಿದರೆ ಇಬ್ಬರ ಊಟವೂ ಕೆಡುತ್ತದೆ, ಅಲ್ವಾ?

ಮೊದಲು ವೈಫೈ ಸೆಟ್ಟಿಂಗ್‌ನಲ್ಲಿ ಐಪಿ ಎದುರು 'ಡಿಎಚ್‌ಸಿಪಿ' ಅಥವಾ 'ಆಟೊಮ್ಯಾಟಿಕ್' ಇದೆಯೇ ನೋಡಿ. ವೆಬ್‌ಸೈಟ್ ಹೆಸರು ಕೊಟ್ಟರೆ ಅದರ ಐಪಿ ಹುಡುಕಿಕೊಡುವ ಡಿಎನ್‌ಎಸ್ ಕೂಡ ಹಾಗೇ ಇರಲಿ.

ಆಮೇಲೆ ಮ್ಯಾಕ್ ವಿಳಾಸ, ಅಂದರೆ ಸಾಧನದ ನೆಟ್‌ವರ್ಕ್ ಚಿಪ್‌ಗೆ ಕಂಪನಿಯೇ ಕೊಟ್ಟ ಗುರುತಿನ ನಂಬರ್. ಅಂಕಿ, ಅಕ್ಷರ ಸೇರಿ 12 ಇರುತ್ತವೆ. ಕೆಲವು ಕ್ಯಾಂಪಸ್‌ಗಳಲ್ಲಿ ಇದನ್ನು ಕಂಪ್ಯೂಟರ್ ಸೆಂಟರ್‌ನಲ್ಲಿ ಬರೆಸಬೇಕು. ಜಾಸ್ತಿ ಜನ ಎಡವುವುದು ಇಲ್ಲೇ. ಆಂಡ್ರಾಯ್ಡ್ 10, ಐಒಎಸ್ 14 ಮತ್ತು ಅದಕ್ಕಿಂತ ಹೊಸದಿರುವ ಫೋನ್‌ಗಳು ಸಾಮಾನ್ಯವಾಗಿ ನಿಜವಾದ ಮ್ಯಾಕ್ ಬಚ್ಚಿಟ್ಟು ಬೇರೊಂದನ್ನು ತೋರಿಸುತ್ತವೆ. ಆ ಒಂದು ನೆಟ್‌ವರ್ಕ್‌ಗೆ ಮಾತ್ರ 'ಪ್ರೈವೇಟ್ ಅಡ್ರೆಸ್' ಆಫ್ ಮಾಡಿ, ಬಳಿಕ ನಂಬರ್ ಬರೆದುಕೊಳ್ಳಿ. ಪ್ರಿಂಟರ್‌ನಲ್ಲಿ ಲಾಗಿನ್ ಪುಟ ತೆರೆಯಲು ಆಗದು, ಅದಕ್ಕೂ ಮ್ಯಾಕ್ ಬರೆಸುವುದೇ ದಾರಿ.

ಸೇರಿದ ಮೇಲೆ ನಿಮ್ಮ ಐಪಿ ನೋಡಿ. 169.254 ಎಂದು ಶುರುವಾದರೆ ವಿಳಾಸ ಹಂಚುವ ಸರ್ವರ್ ಉತ್ತರ ಕೊಟ್ಟಿಲ್ಲ, ಲ್ಯಾಪ್‌ಟಾಪ್ ತನಗೆ ತಾನೇ ವಿಳಾಸ ಕೊಟ್ಟುಕೊಂಡಿದೆ ಎಂದರ್ಥ. ಸುಮ್ನೆ ಮತ್ತೆ ಮತ್ತೆ ಪಾಸ್‌ವರ್ಡ್ ಹೊಡೆಯಬೇಡಿ. ನೆಟ್‌ವರ್ಕ್ 'ಫರ್ಗೆಟ್' ಮಾಡಿ ಮತ್ತೆ ಸೇರಿ. ಕೇಬಲ್ ಆದರೆ ಬೇರೆ ಪೋರ್ಟ್‌ಗೆ ಹಾಕಿ ನೋಡಿ. ಆಗಲೂ ಅದೇ ಬಂದರೆ ಆ ನಂಬರನ್ನೇ ಕಂಪ್ಯೂಟರ್ ಸೆಂಟರ್‌ನವರಿಗೆ ಹೇಳಿ. 'ನೆಟ್ ಬರ್ತಿಲ್ಲ ಸರ್' ಅನ್ನುವುದಕ್ಕಿಂತ ಅವರಿಗೆ ಬೇಗ ಗೊತ್ತಾಗುತ್ತದೆ.

ಇನ್ನೊಂದು ಮಾತು, ಮನೆಯ ಹಳೇ ರೂಟರ್ ತಂದವರಿಗೆ. ಅದರ ಲ್ಯಾನ್ ಪೋರ್ಟ್‌ನಿಂದ (ಮನೆಯಲ್ಲಿ ಕಂಪ್ಯೂಟರ್ ಕೇಬಲ್ ಹಾಕುವ ಜಾಗ) ಗೋಡೆಯ ನೆಟ್ ಪೋರ್ಟ್‌ಗೆ ವೈರ್ ಸಿಕ್ಕಿಸಿದರೆ ಅದೂ ವಿಳಾಸ ಹಂಚಲು ಕೂರುತ್ತದೆ. ಕ್ಯಾಂಪಸ್ ಸರ್ವರ್‌ಗಿಂತ ಮೊದಲು ಉತ್ತರ ಕೊಟ್ಟರಂತೂ ಪಕ್ಕದ ರೂಮಿನವರಿಗೆಲ್ಲ ತಪ್ಪು ವಿಳಾಸ. ಇಡೀ ಕಾರಿಡಾರ್ ನೆಟ್ ಇಲ್ಲ ಎಂದು ಕೂಗಾಡುವಾಗ, ಕಾರಣ ನಿಮ್ಮ ಮಂಚದ ಕೆಳಗೆ ಮಿಣಮಿಣ ಅನ್ನುತ್ತಿರುತ್ತದೆ. ರೂಟರ್ ಬೇಕೇ ಬೇಕು ಎಂದರೆ ಮೊದಲು ಅನುಮತಿ ಕೇಳಿ, ಅದರ ಡಿಎಚ್‌ಸಿಪಿ ಆಫ್ ಮಾಡಿಯೇ ವೈರ್ ಹಾಕಿ.